ಒಂದೇ ತಾರೀಖು, ಮೂರು ಮೈಸೂರು

ಅಕ್ಟೋಬರ್ ಕೊನೆಯ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನಿಗೆ ಒಂದು ಪಟ್ಟಿ ಕಳಿಸಿದ. ಅವನೀಗ ನಮ್ಮ ಮೈಸೂರಿನದೇ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ರಾಜ್ಯೋತ್ಸವದ ದಿನ ಅವನ ಮಕ್ಕಳ ಮುಂದೆ ನಾನು ಅರ್ಧ ಗಂಟೆ ಮಾತಾಡಬೇಕಿತ್ತು. ಅದಕ್ಕೆ ಸರಕು ಇರಲಿ ಅಂತ ಈ ಪಟ್ಟಿ. ತಲೆಬರಹ ‘ಚರಿತ್ರೆಯಲ್ಲಿ ನವೆಂಬರ್ 1’. ಕೆಳಗೆ ಒಂದರ ಕೆಳಗೊಂದು: 1755, ಲಿಸ್ಬನ್ ಭೂಕಂಪ. 1858, ವಿಕ್ಟೋರಿಯಾ ರಾಣಿಯ ಘೋಷಣೆ. 1952, ಅಮೆರಿಕದ ಮೊದಲ ಜಲಜನಕ ಬಾಂಬ್ ಪರೀಕ್ಷೆ. 1954, ಪುದುಚೇರಿ ಭಾರತದ ಆಡಳಿತಕ್ಕೆ. 1956, ಕರ್ನಾಟಕ ಏಕೀಕರಣ. 1973, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು. ಅದರ ಬೆನ್ನಿಗೇ ಅದೇ 1973, ಮಂಗಳೂರಿನಲ್ಲಿ ಐಶ್ವರ್ಯಾ ರೈ ಜನನ. 2000, ಛತ್ತೀಸಗಢ ರಾಜ್ಯ. 2014, ಮೈಸೂರು ಮೊದಲಾದ ಹನ್ನೆರಡು ಊರುಗಳ ಹೆಸರು ಬದಲು.

“ಸರ್, ಇಷ್ಟು ಸಾಕಾ?” ಎಂದು ಕೇಳಿದ್ದ.

ಸಾಕಷ್ಟಾಯಿತು. ಮಕ್ಕಳಿಗೆ ಇದರಲ್ಲಿ ನೆನಪುಳಿಯುವುದು ಐಶ್ವರ್ಯಾ ರೈ ಒಬ್ಬರೇ ಎಂಬುದೂ ನನಗೆ ಗೊತ್ತು. ರಾಜ್ಯ ಹೊಸ ಹೆಸರು ಹೊತ್ತ ಮೊದಲ ದಿನವೇ ಹುಟ್ಟಿದ ಮಗು ಎಂದರೆ ಯಾರು ಮರೆಯುತ್ತಾರೆ? ಆದರೆ ಪಟ್ಟಿಯನ್ನು ಎರಡು ಮೂರು ಸಲ ಮೇಲೆ ಕೆಳಗೆ ನೋಡಿದ ಮೇಲೆ ಒಂದು ಕಿರಿಕಿರಿ ಶುರುವಾಯಿತು. ಈ ಎಲ್ಲ ಸಂಗತಿಗಳೂ ಒಂದೇ ಮೊಳೆಗೆ ನೇತುಹಾಕಿದ ಅಂಗಿಗಳ ಹಾಗಿವೆ. ಯಾವ ಅಂಗಿ ಯಾರದು, ಯಾವುದನ್ನು ಯಾರಾದರೂ ಬೇಕೆಂದೇ ಅಲ್ಲಿ ತಂದು ತಗುಲಿಸಿದರು, ಯಾವುದು ಸುಮ್ಮನೆ ಬಂದು ಸಿಕ್ಕಿಕೊಂಡಿತು ಎಂಬುದನ್ನು ಪಟ್ಟಿ ಹೇಳುವುದಿಲ್ಲ.

ನಮ್ಮ ಮನೆಯ ಗೋಡೆಯಲ್ಲಿ ನಿಜಕ್ಕೂ ಅಂಥದೊಂದು ಮೊಳೆ ಇತ್ತು. ಅದಕ್ಕೆ ದಾರ ಕಟ್ಟಿದ ಒಂಟಿಕೊಪ್ಪಲ್ ಪಂಚಾಂಗ ತೂಗುತ್ತಿತ್ತು, ಅದರ ಪಕ್ಕದಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ಅಪ್ಪ ಅಂಚೆ ಇಲಾಖೆಯಲ್ಲಿದ್ದವರು. ಬೆಳಿಗ್ಗೆ ಎದ್ದು ಕ್ಯಾಲೆಂಡರಿನ ಹಾಳೆ ಹರಿದು, ಆಮೇಲೆ ಪಂಚಾಂಗ ನೋಡುತ್ತಿದ್ದರು. ತಾರೀಖು ಆಫೀಸಿಗೆ, ತಿಥಿ ಮನೆಗೆ. ನಮ್ಮೂರಿನ ದೊಡ್ಡ ದಿನ ವಿಜಯದಶಮಿ. ಅದು ತಿಥಿಯ ಲೆಕ್ಕದ್ದು, ಒಂದು ವರ್ಷ ಬಂದ ತಾರೀಖಿಗೆ ಮರುವರ್ಷ ಬರುವುದಿಲ್ಲ. ಹಾಗಾಗಿ ಮೈಸೂರಿನವರಿಗೆ ಹಬ್ಬವೆಂದರೆ ಓಡಾಡುವ ವಸ್ತು. ಕದಲದೆ ಒಂದೇ ತಾರೀಖಿಗೆ ಕೂತಿರುವ ನಾಡಹಬ್ಬ ನವೆಂಬರ್ 1 ಮಾತ್ರ. ಅದರ ಹಿಂದೆ ಯಾವ ಪುರಾಣವೂ ಇಲ್ಲ, ಯಾವ ಯುದ್ಧವೂ ಇಲ್ಲ, ಯಾವ ಮಹಾತ್ಮರ ಜಯಂತಿಯೂ ಇಲ್ಲ. ರಾಷ್ಟ್ರಪತಿಗಳ ಅಂಕಿತ 1956ರ ಆಗಸ್ಟ್ 31ರಂದು ಬಿದ್ದ ರಾಜ್ಯ ಪುನರ್ವಿಂಗಡಣಾ ಕಾಯಿದೆಯಲ್ಲಿ, ಈ ಕಾಯಿದೆ ಜಾರಿಗೆ ಬರುವ ದಿನ ಇಂಥದ್ದು ಎಂದು ಬರೆದ ಒಂದು ಸಾಲು, ಅಷ್ಟೆ.

ಲಿಸ್ಬನ್‌ನದು ಬೇರೆ ಕತೆ. ಅಲ್ಲಿ ತಾರೀಖಿಗೇ ಕೈವಾಡವಿತ್ತು. ನವೆಂಬರ್ 1 ಕ್ಯಾಥೊಲಿಕರಿಗೆ ಸಕಲ ಸಂತರ ಹಬ್ಬ. 1755ರಲ್ಲಿ ಭೂಮಿ ನಡುಗಿದ್ದು ಆ ಬೆಳಿಗ್ಗೆ, ಜನ ಚರ್ಚುಗಳಲ್ಲಿ ಕಿಕ್ಕಿರಿದಿದ್ದಾಗ, ಊರ ತುಂಬ ಹಬ್ಬದ ಮೇಣದಬತ್ತಿಗಳು ಉರಿಯುತ್ತಿದ್ದಾಗ. ಗೋಡೆಗಳು ಬಿದ್ದವು, ಬತ್ತಿಗಳು ಬಿದ್ದವು, ಸಮುದ್ರ ಉಕ್ಕಿ ಬಂತು, ಉಳಿದದ್ದನ್ನು ಬೆಂಕಿ ದಿನಗಟ್ಟಲೆ ಸುಟ್ಟಿತು. ಬೇರೆ ಒಂದು ಮಾಮೂಲು ದಿನವಾಗಿದ್ದರೆ ಸತ್ತವರ ಲೆಕ್ಕ ಬೇರೆಯಿರುತ್ತಿತ್ತು. 1954ರದು ಇನ್ನೂ ವಿಚಿತ್ರ. ಆ ದಿನ ಫ್ರಾನ್ಸ್ ಒಪ್ಪಂದದ ಪ್ರಕಾರ ಪುದುಚೇರಿಯನ್ನು ಶಾಂತವಾಗಿ ಭಾರತಕ್ಕೆ ಒಪ್ಪಿಸಿತು; ಅದೇ ದಿನ ಆಲ್ಜೀರಿಯದಲ್ಲಿ ಅದೇ ಫ್ರಾನ್ಸಿನ ವಿರುದ್ಧ ಸ್ವಾತಂತ್ರ್ಯ ಯುದ್ಧದ ಮೊದಲ ದಾಳಿಗಳಾದವು. ಒಂದು ವಸಾಹತನ್ನು ಸಹಿ ಹಾಕಿ ಬಿಟ್ಟರು, ಇನ್ನೊಂದಕ್ಕಾಗಿ ಮುಂದೆ ಏಳೂವರೆ ವರ್ಷ ರಕ್ತ ಹರಿಸಿದರು. ಇಲ್ಲಿನ ಕಚೇರಿಯಲ್ಲಿ ತಾರೀಖು ಗೊತ್ತು ಮಾಡಿದವರಿಗೆ ಅಲ್ಲಿನ ಬಂಡುಕೋರರ ಮನಸ್ಸು ತಿಳಿದಿರಲು ಸಾಧ್ಯವಿಲ್ಲ. ಶುದ್ಧ ಆಕಸ್ಮಿಕ.

ಇವೆಲ್ಲ ದೂರದವು. ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಮ್ಮೂರಿನ ಹೆಸರಿದ್ದ, ಅಥವಾ ಇರಬೇಕಾಗಿದ್ದ, ಸಾಲುಗಳು. ನವೆಂಬರ್ 1ಕ್ಕೂ ‘ಮೈಸೂರು’ ಎಂಬ ಶಬ್ದಕ್ಕೂ ಒಂದು ಲೇವಾದೇವಿ ಇದೆ. ಈ ತಾರೀಖು ಮೂರು ಸಲ ಬಂದು ಆ ಶಬ್ದದ ಅಳತೆ ಬದಲಾಯಿಸಿದೆ: ಒಮ್ಮೆ ಹಿಗ್ಗಿಸಿತು, ಒಮ್ಮೆ ಕುಗ್ಗಿಸಿತು, ಒಮ್ಮೆ ಕಾಗುಣಿತ ತಿದ್ದಿತು.

ಆ ಮೂರಕ್ಕೆ ಮೊದಲು 1858ರ ಬಗ್ಗೆ ಎರಡು ಮಾತು. ಅದನ್ನು ಮಕ್ಕಳು ಅಲಹಾಬಾದಿನ ಸಂಗತಿ ಎಂದುಕೊಂಡಿರುತ್ತಾರೆ. ಕಂಪನಿ ಸರ್ಕಾರ ಮುಗಿಯಿತು, ಇನ್ನು ರಾಣಿಯ ಆಳ್ವಿಕೆ ಎಂಬ ಘೋಷಣೆಯನ್ನು ಲಾರ್ಡ್ ಕ್ಯಾನಿಂಗ್ ಅಲ್ಲಿ ಓದಿದ್ದು ನಿಜ. ಆದರೆ ಅದನ್ನು ಕಿವಿಗೊಟ್ಟು ಕೇಳಿಸಿಕೊಳ್ಳಲು ಮೈಸೂರಿನ ಅರಮನೆಗೆ ಕಾರಣವಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಹೋಗಿ ಆಗಲೇ 27 ವರ್ಷವಾಗಿತ್ತು. 1831ರಿಂದ ರಾಜ್ಯವನ್ನು ಬೆಂಗಳೂರಿನಲ್ಲಿ ಕೂತ ಇಂಗ್ಲಿಷ್ ಕಮಿಷನರುಗಳು ಆಳುತ್ತಿದ್ದರು. ದೊರೆಗೆ ವಯಸ್ಸು 64, ಪಟ್ಟಕ್ಕೆ ಬರುವ ಮಗನಿಲ್ಲ. ದತ್ತು ಮಕ್ಕಳಿಗೆ ಹಕ್ಕಿಲ್ಲ ಎನ್ನುವ ನೀತಿಯಿಂದ ಸತಾರಾ, ಝಾನ್ಸಿ, ನಾಗಪುರಗಳು ಹೋದದ್ದನ್ನು ಕಣ್ಣಾರೆ ಕಂಡಿದ್ದ ಕಾಲ. ಈ ಮುದುಕರು ಕಣ್ಣು ಮುಚ್ಚಿದರೆ ಮೈಸೂರೂ ಅದೇ ದಾರಿ ಹಿಡಿಯುತ್ತದೆ ಎಂದು ಲೆಕ್ಕ ಹಾಕಿದವರಿದ್ದರು. ಅಂಥ ಹೊತ್ತಿನಲ್ಲಿ ದೇಶೀ ರಾಜರೊಡನೆ ಮಾಡಿಕೊಂಡ ಕರಾರುಗಳಿಗೆ ತಪ್ಪುವುದಿಲ್ಲ, ಇನ್ನು ಸೀಮೆ ಬೆಳೆಸುವ ಆಸೆಯಿಲ್ಲ ಎಂದು ರಾಣಿಯ ಹೆಸರಿನಲ್ಲಿ ಮಾತು ಬಂತು. ಆ ಒಂದು ಕಾಗದದಿಂದಲೇ ಮೈಸೂರು ಉಳಿಯಿತು ಎಂದರೆ ತಪ್ಪಾದೀತು. ಮುಮ್ಮಡಿಯವರು ಅರ್ಜಿಯ ಮೇಲೆ ಅರ್ಜಿ ಬರೆಯುತ್ತಲೇ ಇರಬೇಕಾಯಿತು. 1865ರಲ್ಲಿ ದತ್ತು ತೆಗೆದುಕೊಂಡರು, 1867ರಲ್ಲಿ ಅದಕ್ಕೆ ಲಂಡನ್ನಿನ ಒಪ್ಪಿಗೆ ಬಂತು, 1868ರಲ್ಲಿ ಅವರು ತೀರಿಕೊಂಡರು. 1881ರಲ್ಲಿ ರಾಜ್ಯ ಆ ದತ್ತುಪುತ್ರ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ಅದು ಆಗದೆ ಮೈಸೂರೂ ಬ್ರಿಟಿಷ್ ಇಂಡಿಯಾದ ಇನ್ನೊಂದು ಜಿಲ್ಲೆಯಾಗಿಹೋಗಿದ್ದರೆ 1956ರಲ್ಲಿ ರಾಜ್ಯಕ್ಕೆ ಇಡಲು ‘ಮೈಸೂರು’ ಎಂಬ ಹೆಸರೇ ಉಳಿದಿರುತ್ತಿರಲಿಲ್ಲವೇನೋ. ಎರಡೂ ನವೆಂಬರ್ 1 ಆದದ್ದು ಮಾತ್ರ ಆಕಸ್ಮಿಕ. ಕಾಯಿದೆ ಬರೆದವರು ರಾಣಿಯನ್ನು ನೆನೆದು ದಿನ ಗೊತ್ತು ಮಾಡಿರಲಾರರು.

ಇನ್ನು 1956.

ಆ ವರ್ಷ ನವೆಂಬರ್ 1 ಬಂದದ್ದು ದೀಪಾವಳಿಯ ನಡುವೆ. ಅಪ್ಪನಿಗೆ ಆಗ ಇಪ್ಪತ್ತನಾಲ್ಕು. ಆ ದಿನದ ಬಗ್ಗೆ ಕೇಳಿದರೆ ಅವರು ಹೇಳುತ್ತಿದ್ದದ್ದು ಇಷ್ಟೇ: “ಎಣ್ಣೆ ನೀರು ಹಾಕ್ಕೊಂಡ್ವಿ, ದೀಪ ಹಚ್ಚಿದ್ವಿ. ಹಬ್ಬಕ್ಕೋ ರಾಜ್ಯಕ್ಕೋ ಅಂತ ಯಾರೂ ಕೇಳ್ಲಿಲ್ಲ.” 2024ರಲ್ಲೂ ಹೀಗೇ ಅಮಾವಾಸ್ಯೆಯ ಲಕ್ಷ್ಮೀಪೂಜೆ, ರಾಜ್ಯೋತ್ಸವ ಎರಡೂ ಒಂದೇ ದಿನ ಬಂದಾಗ ನನಗೆ ಅವರ ಮಾತು ನೆನಪಾಗಿತ್ತು. ಆ ಮಾತಿನಲ್ಲಿ ಒಂದು ಜಾಣತನವೂ ಇತ್ತು ಎಂದು ಈಗ ಅನ್ನಿಸುತ್ತದೆ. ಯಾಕೆಂದರೆ ಹಳೇ ಮೈಸೂರಿನ ಎಲ್ಲರೂ ಆ ದಿನ ರಾಜ್ಯಕ್ಕಾಗಿ ದೀಪ ಹಚ್ಚಲಿಲ್ಲ.

ಇದನ್ನು ನಮ್ಮ ರಾಜ್ಯೋತ್ಸವದ ಭಾಷಣಗಳು ಹೇಳುವುದಿಲ್ಲ. ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಮೈಸೂರು ಎಂದು ಐದು ಕಡೆ ಹಂಚಿಹೋಗಿದ್ದ ಕನ್ನಡಿಗರು ಒಂದಾಗಬೇಕೆಂಬ ಕೂಗು ಹುಟ್ಟಿದ್ದೂ ಬೆಳೆದದ್ದೂ ಹೆಚ್ಚಾಗಿ ಧಾರವಾಡದ ಸೀಮೆಯಲ್ಲಿ. ಅಲ್ಲಿನವರಿಗೆ ಅದು ಹೊಟ್ಟೆಯ ಹಸಿವು. ಮರಾಠಿಯ ನೆರಳಿನಲ್ಲಿ, ಉರ್ದುವಿನ ನೆರಳಿನಲ್ಲಿ ಕನ್ನಡ ಶಾಲೆಗಾಗಿ ಹೋರಾಡಿದವರು ಅವರು. ಇಲ್ಲಿ ಮೈಸೂರಿನಲ್ಲಿ ದೊರೆಯ ಭಾಷೆ ಕನ್ನಡ, 1916ರಿಂದ ನಮ್ಮದೇ ವಿಶ್ವವಿದ್ಯಾಲಯ, ಕನ್ನಂಬಾಡಿ ಕಟ್ಟೆ, ಶಿವನಸಮುದ್ರದ ಕರೆಂಟು. ಹಸಿವಿಲ್ಲದವನಿಗೆ ಪಂಕ್ತಿ ಉದ್ದವಾಗುವುದು ಇಷ್ಟವಾಗುವುದಿಲ್ಲ. ನಮ್ಮ ತೆರಿಗೆ ಅವರ ರಸ್ತೆಗೆ ಹೋಗುತ್ತದೆ ಎಂಬ ಲೆಕ್ಕ ಒಂದು. ಅದಕ್ಕಿಂತ ಮೆಲ್ಲಗೆ, ಬಾಗಿಲು ಹಾಕಿಕೊಂಡು ಹೇಳುತ್ತಿದ್ದ ಜಾತಿಯ ಲೆಕ್ಕ ಇನ್ನೊಂದು. ಉತ್ತರದ ಜಿಲ್ಲೆಗಳು ಬಂದು ಸೇರಿದರೆ ಲಿಂಗಾಯತರ ಸಂಖ್ಯೆ ದೊಡ್ಡದಾಗುತ್ತದೆ, ಒಕ್ಕಲಿಗರ ಕೈಯಿಂದ ಅಧಿಕಾರ ಜಾರುತ್ತದೆ ಎಂಬ ಅಂಜಿಕೆ. ಕನ್ನಡಕ್ಕೆ ಎರಡು ರಾಜ್ಯಗಳಿದ್ದರೆ ಏನು ತಪ್ಪು ಎಂದು ವಾದಿಸಿದವರು ಕಡಿಮೆಯಿರಲಿಲ್ಲ.

ಆಗ ಮುಖ್ಯಮಂತ್ರಿಯಾಗಿದ್ದವರು ಕೆಂಗಲ್ ಹನುಮಂತಯ್ಯ. ಹಳೇ ಮೈಸೂರಿನವರು, ಒಕ್ಕಲಿಗರು. ಅಂಜಿಕೆಯ ಲೆಕ್ಕ ಹಾಕಿದ್ದರೆ ಅವರೇ ಹಾಕಬೇಕಿತ್ತು. ಅವರು ಏಕೀಕರಣದ ಪರ ನಿಂತರು. ತಮ್ಮ ಕುರ್ಚಿಗೆ ಅದು ಒಳ್ಳೆಯದಲ್ಲವೆಂದು ಗೊತ್ತಿದ್ದೂ ನಿಂತರು. 1956ರ ಆಗಸ್ಟಿನಲ್ಲಿ ಅವರ ಅಧಿಕಾರ ಹೋಯಿತು, ಕಡಿದಾಳ್ ಮಂಜಪ್ಪನವರು ಎರಡೂವರೆ ತಿಂಗಳು ಮುಖ್ಯಮಂತ್ರಿಯಾದರು, ನವೆಂಬರ್ 1ರಂದು ಎಸ್. ನಿಜಲಿಂಗಪ್ಪನವರು ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿ ಬಂದರು. ವಿಧಾನಸೌಧ ಕಟ್ಟಿಸಿದವರು ಎಂದು ಹನುಮಂತಯ್ಯನವರನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕಿಂತ ಅವರು ಬಿಟ್ಟುಕೊಟ್ಟದ್ದು ದೊಡ್ಡದು ಎಂದು ನನ್ನ ಅನಿಸಿಕೆ.

ಜಯಚಾಮರಾಜ ಒಡೆಯರದು ಇನ್ನೊಂದು ಬಗೆ. 1940ರಲ್ಲಿ ಪಟ್ಟಕ್ಕೆ ಬಂದಾಗ ಮಹಾರಾಜರು. 1950ರ ಜನವರಿ 26ರಿಂದ ರಾಜಪ್ರಮುಖರು. ಸಂವಿಧಾನದ ಏಳನೆಯ ತಿದ್ದುಪಡಿ ಜಾರಿಗೆ ಬಂದದ್ದೂ 1956ರ ನವೆಂಬರ್ 1ರಂದೇ. ಅದರಿಂದ ರಾಜಪ್ರಮುಖ ಎಂಬ ಹುದ್ದೆಯೇ ಇಲ್ಲವಾಯಿತು. ಅಕ್ಟೋಬರ್ 31ರ ರಾತ್ರಿ ರಾಜಪ್ರಮುಖರಾಗಿ ಮಲಗಿದವರು ಬೆಳಿಗ್ಗೆ ರಾಷ್ಟ್ರಪತಿ ನೇಮಿಸಿದ ರಾಜ್ಯಪಾಲರಾಗಿದ್ದರು. ಅವರ ಹಿರಿಯರು ಆಳಿದ್ದು ಒಂಬತ್ತು ಜಿಲ್ಲೆಗಳಷ್ಟು ಸೀಮೆ. 1953ರಲ್ಲಿ ಬಳ್ಳಾರಿ ಸೇರಿ ಹತ್ತಾಯಿತು. ಈಗ ರಾಜ್ಯಪಾಲರ ಕೈಕೆಳಗೆ ಬೀದರಿನಿಂದ ಕೊಡಗಿನವರೆಗೆ ಹತ್ತೊಂಬತ್ತು. ಟಿಪ್ಪು ಬಿದ್ದ ಮೇಲೆ 1799ರಲ್ಲಿ ಒಡೆಯರಿಗೆ ರಾಜ್ಯ ಮರಳಿದಾಗಿನಿಂದ ಅವರ ಮನೆತನದ ಯಾರ ಹೆಸರಿಗೂ ಇಷ್ಟು ಭೂಮಿ ಅಂಟಿಕೊಂಡಿರಲಿಲ್ಲ, ಯಾರ ಕೈಯಲ್ಲೂ ಇಷ್ಟು ಕಡಿಮೆ ಅಧಿಕಾರವೂ ಇರಲಿಲ್ಲ. 1831ರ ಮುಮ್ಮಡಿಯವರನ್ನು ಬಿಟ್ಟರೆ!

ಮೈಸೂರು ಪಟ್ಟಣದವರಿಗೆ ಆ ದಿನದ ಬದಲಾವಣೆ ಕಣ್ಣಿಗೆ ಕಂಡದ್ದು ಹತ್ತಿರದ ಗಡಿಗಳಲ್ಲಿ. ಕುಶಾಲನಗರದ ಬಳಿ ಕಾವೇರಿ ದಾಟಿದರೆ ಅದುವರೆಗೆ ಬೇರೆ ರಾಜ್ಯ: ಕೊಡಗು, ತನ್ನದೇ 24 ಮಂದಿಯ ವಿಧಾನಸಭೆ, ತನ್ನದೇ ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ. ನವೆಂಬರ್ 1ರಂದು ಅದು ಒಂದು ಜಿಲ್ಲೆಯಾಯಿತು. ಕೊಡಗಿನವರು ಆ ದಿನವನ್ನು ನೆನೆಯುವ ರೀತಿ ನಮ್ಮದಲ್ಲ, ಯಾಕೆ ಆಗಿರಬೇಕು? ಇತ್ತ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಅಂದರೆ ಮಲೆ ಮಹದೇಶ್ವರನ ಬೆಟ್ಟ ಇದ್ದದ್ದು ಮದರಾಸಿನಲ್ಲಿ. ಪರಸೆ ಹೊರಟ ಮೈಸೂರು ಸೀಮೆಯ ಒಕ್ಕಲುಗಳು ಗೊತ್ತಿಲ್ಲದೆಯೇ ರಾಜ್ಯ ದಾಟಿ, ಮಾದಪ್ಪನಿಗೆ ಕೈಮುಗಿದು, ಮತ್ತೆ ರಾಜ್ಯ ದಾಟಿ ಬರುತ್ತಿದ್ದರು. ಆ ದಿನದಿಂದ ಕೊಳ್ಳೇಗಾಲ ಮೈಸೂರು ಜಿಲ್ಲೆಗೆ ಸೇರಿತು. ಅದೇ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದ, ಕನ್ನಡವನ್ನೇ ಆಡುವ ತಾಳವಾಡಿ ಸೀಮೆ ಸೇರಲಿಲ್ಲ. ರಾಜ್‌ಕುಮಾರರ ಗಾಜನೂರು ಇರುವುದು ತಾಳವಾಡಿಯಲ್ಲಿ. ಕನ್ನಡದ ಅತಿ ದೊಡ್ಡ ನಟನ ಊರು ಅಂದಿನ ಗೆರೆಯ ಆಚೆ ಉಳಿಯಿತು, ಇಂದಿಗೂ ಅಲ್ಲೇ ಇದೆ.

ಹೀಗೆ ದೊಡ್ಡದಾದ ರಾಜ್ಯಕ್ಕೆ ಹೆಸರು? ನ್ಯಾಯಮೂರ್ತಿ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಈ ಮೂವರ ಆಯೋಗ 1955ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿಯಲ್ಲಿ ಹೆಸರು ಇದ್ದದ್ದು ‘ಕರ್ನಾಟಕ’ ಎಂದೇ. ಕಾಯಿದೆಯಾಗಿ ಹೊರಬಂದಾಗ ಅದು ‘ಮೈಸೂರು’ ಆಗಿತ್ತು. ಕನ್ನಡದಲ್ಲಿ ಜನ ‘ವಿಶಾಲ ಮೈಸೂರು’ ಎಂದರು. ಕರ್ನಾಟಕ ಬೇಕೆಂದು ಜೈಲಿಗೆ ಹೋದ ಹುಬ್ಬಳ್ಳಿಯವರ ಕೈಗೆ ಸಿಕ್ಕಿದ್ದು ಮೈಸೂರು. ಮನೆ ಕಟ್ಟಿಸಿದವರು ಒಬ್ಬರು, ಬಾಗಿಲ ಮೇಲಿನ ಹೆಸರು ಇನ್ನೊಬ್ಬರದು. 1917ರಲ್ಲೇ ‘ಕರ್ನಾಟಕ ಗತವೈಭವ’ ಬರೆದ ಆಲೂರು ವೆಂಕಟರಾಯರು ಒಂದಾದ ನಾಡನ್ನು ಕಂಡರು, ಅದಕ್ಕೆ ತಾವು ಹಂಬಲಿಸಿದ ಹೆಸರು ಬಂದದ್ದನ್ನು ಕಾಣಲಿಲ್ಲ. 1964ರಲ್ಲಿ ತೀರಿಕೊಂಡರು.

ಇದರಲ್ಲೊಂದು ವಿಚಿತ್ರವಿದೆ. ‘ಕರ್ನಾಟಕ’ ಮೈಸೂರಿಗೆ ಹೊರಗಿನಿಂದ ಬಂದ ಹೆಸರೇನೂ ಆಗಿರಲಿಲ್ಲ. ದರ್ಬಾರಿನಲ್ಲಿ ಬಹುಪರಾಕು ಹೇಳುವವರು ದೊರೆಗಳನ್ನು ಕರೆಯುತ್ತಿದ್ದ ಬಿರುದೇ ‘ಕರ್ನಾಟಕ ರತ್ನಸಿಂಹಾಸನಾಧೀಶ್ವರ’. ಅರಮನೆಯಲ್ಲಿ ಇವತ್ತಿಗೂ ದಸರೆಗೆ ಜೋಡಿಸುವ ಆ ಸಿಂಹಾಸನದ ಹೆಸರಿನಲ್ಲೇ ಕರ್ನಾಟಕವಿತ್ತು. ನಮ್ಮ ವಿಶ್ವವಿದ್ಯಾಲಯ ಹೊರತರುತ್ತಿದ್ದ ಪತ್ರಿಕೆ ‘ಪ್ರಬುದ್ಧ ಕರ್ನಾಟಕ’. ಬಿರುದಿನಲ್ಲಿ ಇದ್ದಾಗ ಇಂಪಾಗಿದ್ದ ಶಬ್ದ ಬೋರ್ಡಿನ ಮೇಲೆ ಬರುತ್ತದೆ ಎಂದಾಗ ಕಷ್ಟವಾಯಿತು. ನಾವು ಕಳೆದುಕೊಳ್ಳುತ್ತಿದ್ದದ್ದು ಹೆಸರನ್ನಲ್ಲ, ಮೊದಲನೆಯ ಮನೆ ನಮ್ಮದು ಎಂಬ ಭಾವನೆಯನ್ನು ಎಂದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಹದಿನೇಳು ವರ್ಷ ಆ ಹೆಸರು ಅಲುಗಾಡಲಿಲ್ಲ. ಏಕೀಕರಣದ ಮುಂದಾಳಾಗಿದ್ದ ನಿಜಲಿಂಗಪ್ಪನವರು ಎರಡು ಅವಧಿಗೆ ಮುಖ್ಯಮಂತ್ರಿಯಾದರು, ಜಮಖಂಡಿಯ ಬಿ.ಡಿ. ಜತ್ತಿ ಆದರು, ಕಲಬುರಗಿ ಕಡೆಯ ವೀರೇಂದ್ರ ಪಾಟೀಲರು ಆದರು, ಹೆಸರು ಬದಲಾಗಲಿಲ್ಲ. ಅವರು ಬದಲಾಯಿಸಿದ್ದರೆ ಉತ್ತರದವರು ನಮ್ಮ ಹೆಸರು ಕಿತ್ತುಕೊಂಡರು ಎಂದು ಇಲ್ಲಿ ಗದ್ದಲವಾಗುತ್ತಿತ್ತು ಎಂದೇ ನನ್ನ ಊಹೆ. 1972ರಲ್ಲಿ ಬಂದ ಡಿ. ದೇವರಾಜ ಅರಸು ಹುಣಸೂರಿನವರು, ಕಲ್ಲಹಳ್ಳಿಯವರು, ಅರಮನೆಗೆ ನೆಂಟಸ್ತನವಿರುವ ಅರಸು ಜನ. ಏಕೀಕರಣದ ನಂತರ ಮೈಸೂರು ಸೀಮೆಯಿಂದ ಬಂದ ಮೊದಲ ಮುಖ್ಯಮಂತ್ರಿ. ಆ ವರ್ಷದ ಜುಲೈನಲ್ಲಿ ಹೆಸರು ಬದಲಾವಣೆಯ ನಿರ್ಣಯ ಶಾಸನಸಭೆಯಲ್ಲಿ ಅಂಗೀಕಾರವಾಯಿತು, ಮರುವರ್ಷ ಸಂಸತ್ತು ಕಾಯಿದೆ ಮಾಡಿತು. ಜಾರಿಗೆ ಬರುವ ದಿನ ಯಾವುದಿರಬೇಕು ಎಂಬ ಪ್ರಶ್ನೆಗೆ ಈ ಸಲ ಉತ್ತರ ಸಿದ್ಧವಿತ್ತು. 1956ರಲ್ಲಿ ಕಡತದೊಳಗಿಂದ ಎದ್ದು ಬಂದ ತಾರೀಖು 1973ರಲ್ಲಿ ಬೇಕೆಂದೇ ಆರಿಸಿಕೊಂಡ ತಾರೀಖಾಯಿತು. ಮೈಸೂರಿನ ಹೆಸರನ್ನು ರಾಜ್ಯದ ಮೇಲಿಂದ ಇಳಿಸಿದ್ದು ಮೈಸೂರಿನವನೇ. ಬೇರೆಯವರಿಂದ ಅದು ಆಗುತ್ತಿರಲಿಲ್ಲ.

ಆಗ ನನಗೆ ಹದಿಮೂರು. ನಮ್ಮ ಸಮಾಜ ಪಾಠದ ಮೇಷ್ಟ್ರು ಪುಸ್ತಕದ ನಕ್ಷೆ ತೆಗೆಸಿ, ‘ಮೈಸೂರು ರಾಜ್ಯ’ ಎಂದಿದ್ದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದು ‘ಕರ್ನಾಟಕ’ ಎಂದು ಬರೆಯಿರಿ ಅಂದರು. ಬರೆದೆವು. ಹಿಂದಿನ ಬೆಂಚಿನ ಹುಡುಗನೊಬ್ಬ ಉತ್ಸಾಹದಲ್ಲಿ ಕಾವೇರಿಯ ಪಕ್ಕದಲ್ಲಿ ಚುಕ್ಕೆ ಇಟ್ಟು ಬರೆದಿದ್ದ ಮೈಸೂರನ್ನೂ ಹೊಡೆದುಹಾಕಿ ಅಲ್ಲೂ ಕರ್ನಾಟಕ ಎಂದು ಬರೆದ. ಮೇಷ್ಟ್ರು ಅವನ ಕಿವಿ ಹಿಂಡಿದರು, “ಊರನ್ನ ಬಿಡೋ, ಊರು ಎಲ್ಲಿಗೂ ಹೋಗಿಲ್ಲ” ಎಂದರು. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ ಎಂಬುದು ನನಗೆ ಈಗಲೂ ನೆನಪಿದೆ.

ಮನೆಯಲ್ಲಿ ಅಪ್ಪನ ವಿಳಾಸದ ಪುಸ್ತಕವಿತ್ತು. ಅವರ ಕೈಬರಹದಲ್ಲಿ ನಮ್ಮದೇ ವಿಳಾಸ ಮೊದಲ ಪುಟದಲ್ಲಿ: ಮೈಸೂರು, ಮೈಸೂರು ಜಿಲ್ಲೆ, ಮೈಸೂರು ರಾಜ್ಯ. ಮೂರು ಸಾಲು, ಮೂರರಲ್ಲೂ ಅದೇ ಹೆಸರು. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದಾಗ ಅದರ ಪಕ್ಕದಲ್ಲಿ 570 ರಿಂದ ಶುರುವಾಗುವ ಸಂಖ್ಯೆ ಸೇರಿಸಿದ್ದರು. ಮರುವರ್ಷ ಮೂರನೆಯ ಸಾಲನ್ನು ಹೊಡೆದರು. ಅಂಚೆಯವರಲ್ಲವೇ, ಅಳತೆ ಪಟ್ಟಿ ಇಟ್ಟು ನೇರವಾಗಿ ಹೊಡೆದಿದ್ದಾರೆ, ಅಕ್ಷರ ಇನ್ನೂ ಓದಬಹುದು. ಆ ಹೆಸರು ಊರೊಳಗೆ ಅಷ್ಟು ಬೇಗ ಹೋಗಲೂ ಇಲ್ಲ. ನಮ್ಮ ಬೀದಿಯ ಸ್ಕೂಟರುಗಳ ನಂಬರು ಬೋರ್ಡಿನಲ್ಲಿ ‘ಎಂವೈ’ ಬಹಳ ಕಾಲ ಇತ್ತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರವರೆಗೆ ಇತ್ತು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಮಾಡುವ ನಮ್ಮೂರಿನ ಕಾರ್ಖಾನೆ ಇವತ್ತಿಗೂ ಮೈಸೂರು ಪೇಂಟ್ಸ್. ಸ್ಯಾಂಡಲ್ ಸೋಪು, ರೇಷ್ಮೆ ಸೀರೆ, ಪಾಕು, ಮಲ್ಲಿಗೆ, ವೀಳ್ಯದೆಲೆ, ಇವಕ್ಕೆಲ್ಲ ಯಾರು ಕಾಯಿದೆ ಮಾಡುತ್ತಾರೆ?

2014ರದು ಬೇಗ ಹೇಳಿ ಮುಗಿಸಬಹುದು, ಯಾಕೆಂದರೆ ಕನ್ನಡದಲ್ಲಿ ಅದು ನಡೆಯಲೇ ಇಲ್ಲ. ವಿದ್ಯಾರ್ಥಿ ಕಳಿಸಿದ್ದ ಪಟ್ಟಿ ಇಂಗ್ಲಿಷಿನಲ್ಲಿತ್ತು. ಆ ಸಾಲನ್ನು ಕನ್ನಡಕ್ಕೆ ತರಲು ಕೂತೆ: ‘2014ರ ನವೆಂಬರ್ 1ರಂದು ಮೈಸೂರು ಮೈಸೂರಾಯಿತು.’ ಬರೆದು ನೋಡಿ ನಾನೇ ನಕ್ಕೆ. ಬದಲಾದದ್ದು ಇಂಗ್ಲಿಷಿನ ಕಾಗುಣಿತ. ನಾವು ಆಡುವಂತೆ ಅವರೂ ಬರೆಯಲಿ ಎಂಬ ಸಲಹೆ ಸುವರ್ಣ ಕರ್ನಾಟಕದ ಹೊತ್ತಿನಲ್ಲಿ ಯು.ಆರ್. ಅನಂತಮೂರ್ತಿಯವರಿಂದ ಬಂದಿತ್ತು. ನಮ್ಮ ಮಹಾರಾಜಾ ಕಾಲೇಜಿನಲ್ಲಿ ಓದಿ, ಇಲ್ಲೇ ಇಂಗ್ಲಿಷ್ ಪಾಠ ಹೇಳಿದವರು ಅವರು. ಇಂಗ್ಲಿಷಿಗೆ ಕನ್ನಡ ಉಚ್ಚಾರ ಕಲಿಸುವ ಆಸೆ ಅವರಿಗೆ ಬಂದದ್ದು ಸಹಜ. ಕೇಂದ್ರದ ಒಪ್ಪಿಗೆ ಬರಲು ವರ್ಷಗಳು ಹಿಡಿದವು. ಬಂದಾಗ ಮುಖ್ಯಮಂತ್ರಿಯಾಗಿದ್ದವರು ಸಿದ್ದರಾಮಯ್ಯ, ಮತ್ತೆ ಮೈಸೂರು ಜಿಲ್ಲೆಯವರು. ತಾರೀಖು, ಹೇಳಬೇಕಿಲ್ಲ, ಮತ್ತೆ ನವೆಂಬರ್ 1. ಅನಂತಮೂರ್ತಿ ಆಗಸ್ಟ್ 22ರಂದು ತೀರಿಕೊಂಡಿದ್ದರು. ಎಪ್ಪತ್ತು ದಿನ ಉಳಿದಿದ್ದರೆ ನೋಡುತ್ತಿದ್ದರು. ರೈಲ್ವೆಯ ಕೋಡು ‘ಎಂವೈಎಸ್’ ಎರಡೂ ಕಾಗುಣಿತಕ್ಕೆ ಹೊಂದುತ್ತದೆ, ಅದು ಬದಲಾಗಲಿಲ್ಲ. ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲಿ ಹಳೆಯ ಕಾಗುಣಿತವನ್ನೇ ಉಳಿಸಿಕೊಂಡಿದೆ. ನನ್ನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಒಂದು ಬಗೆ, ಮೊಮ್ಮಗಳದರಲ್ಲಿ ಇನ್ನೊಂದು. ಇಬ್ಬರೂ ಹುಟ್ಟಿದ್ದು ಒಂದೂವರೆ ಕಿಲೋಮೀಟರು ಅಂತರದಲ್ಲಿ.

ರಾಜ್ಯೋತ್ಸವದ ದಿನ ಕಾಲೇಜಿಗೆ ಹೋದೆ. ಬಾವುಟ, ಭುವನೇಶ್ವರಿಯ ಪಟ, ಕೆಂಪು ಹಳದಿ ಶಾಲು ಎಲ್ಲ ಇತ್ತು. ಮೇಲೆ ಹೇಳಿದ್ದನ್ನೇ ಇನ್ನೂ ಸ್ವಲ್ಪ ಚಿಕ್ಕದಾಗಿ ಹೇಳಿದೆ. ಐಶ್ವರ್ಯಾ ರೈ ಬಂದಾಗ ನಿರೀಕ್ಷಿಸಿದಂತೆ ಗಲಾಟೆಯಾಯಿತು. ಬೆಳಗಾವಿಯಲ್ಲಿ ಕೆಲವು ಮರಾಠಿ ಸಂಘಟನೆಗಳು ಇದೇ ದಿನ ಕರಾಳ ದಿನ ಆಚರಿಸುತ್ತವೆ, ಗಡಿಯ ಆಚೆಗೆ ಇದೇ ದಿನ ಕೇರಳದ ಹುಟ್ಟುಹಬ್ಬ ಎಂದೂ ಒಂದು ಮಾತು ಸೇರಿಸಿದ್ದೆ. ಮುಗಿಸಿ ಮೆಟ್ಟಿಲಿಳಿಯುವಾಗ ಒಬ್ಬಳು ಹುಡುಗಿ ಹಿಂದೆ ಬಂದಳು. ಮಂಜೇಶ್ವರದ ಕಡೆಯವಳಂತೆ, ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ.

“ಸರ್, ನಮ್ಮಲ್ಲಿ ಇವತ್ತು ಎರಡೂ ಉಂಟು” ಅಂದಳು. “ಶಾಲೆಯಲ್ಲಿ ಕೇರಳಪ್ಪಿರವಿ. ತಮ್ಮ ಬಿಳಿ ಮುಂಡು ಉಟ್ಟು ಹೋಗುತ್ತಾನೆ. ಅಜ್ಜ ಮಾತ್ರ ಇವತ್ತು ಪೇಪರು ಓದುವುದಿಲ್ಲ.”

“ಯಾಕಮ್ಮ?”

“ಗೊತ್ತಿಲ್ಲ ಸರ್. ಮೊದಲಿಂದಲೂ ಹಾಗೆ. ಮಡಚಿ ಹಾಗೇ ಇಡುತ್ತಾರೆ, ಮರುದಿನ ಓದುತ್ತಾರೆ.”

ಅವಳಿಗೆ ಗೊತ್ತಿಲ್ಲದೇ ಇರಲಾರದು. ಹೇಳಲು ನನ್ನ ಮುಂದೆ ಸಂಕೋಚ. ದಕ್ಷಿಣ ಕನ್ನಡ ಜಿಲ್ಲೆ ಮದರಾಸಿನಿಂದ ಮೈಸೂರಿಗೆ ಬಂದಾಗ ಅದರ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಮಹಾಜನ ಆಯೋಗ 1967ರಲ್ಲಿ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂದಿತು. ಮಂಜೇಶ್ವರ ಆ ಭಾಗದ್ದೇ. ವರದಿ ವರದಿಯಾಗಿಯೇ ಉಳಿಯಿತು. ಆ ಸೀಮೆಯ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಜೀವಮಾನವಿಡೀ ಅದಕ್ಕಾಗಿ ಹೋರಾಡಿದರು. ಆಲೂರರು ಒಂದು ನವೆಂಬರ್ ಕಂಡರು, ಅನಂತಮೂರ್ತಿ ಎರಡು. ಕಯ್ಯಾರರು ಮೂರನ್ನೂ ಕಂಡರು: ರಾಜ್ಯ ಒಂದಾಗಿದ್ದು, ಕರ್ನಾಟಕವೆಂದು ಕರೆಸಿಕೊಂಡದ್ದು, ಊರುಗಳ ಕಾಗುಣಿತ ಸರಿಯಾದದ್ದು. ನೂರು ತುಂಬಿಸಿ 2015ರ ಆಗಸ್ಟಿನಲ್ಲಿ ಪೆರಡಾಲದ ತಮ್ಮ ಮನೆಯಲ್ಲಿ ತೀರಿಕೊಂಡಾಗ ಅವರ ವಿಳಾಸದ ಕೊನೆಯ ಸಾಲು ಕೇರಳವೇ ಆಗಿತ್ತು.

ಇದನ್ನು ನಾನು ಮಾತಿನಲ್ಲಿ ಬರೀ ‘ಕೇರಳದ ಹುಟ್ಟುಹಬ್ಬ’ ಎಂದು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೆ. ಮೈಸೂರಿನವರ ಹಳೆಯ ಚಾಳಿ. ನಮ್ಮ ಹೆಸರು ಹೋದದ್ದರ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲೆವು. ಊರೇ ಆಚೆ ಉಳಿದವರಿಗೆ ಒಂದು ವಾಕ್ಯ. ಹುಡುಗಿಗೆ ನಿಮ್ಮ ಅಜ್ಜನಿಗೆ ನಮಸ್ಕಾರ ಹೇಳಮ್ಮ ಎಂದೆ. ಏನು ಹೇಳಿ ಕಳಿಸಬೇಕು ಎಂದು ತೋಚದೆ ಅಷ್ಟೇ ಹೇಳಿದೆ.

ಸಂಜೆ ಊಟಕ್ಕೆ ಮೊದಲು ದೊಡ್ಡ ಗಡಿಯಾರದ ಹತ್ತಿರ ಒಂದು ಸುತ್ತು ಹಾಕಿ ಬಂದೆ. 1927ರಲ್ಲಿ ನಾಲ್ವಡಿಯವರ ಆಳ್ವಿಕೆಗೆ ಇಪ್ಪತ್ತೈದು ತುಂಬಿದ್ದಕ್ಕೆ ಅರಮನೆಯ ನೌಕರರು ಕಟ್ಟಿಸಿದ ಗಡಿಯಾರ. ಮುಖದ ಮೇಲೆ ಕನ್ನಡದ ಅಂಕಿಗಳು. ಯಾವ ಏಕೀಕರಣಕ್ಕೂ ಕಾಯದೆ ಅವು ಅಲ್ಲಿವೆ. ಮನೆಗೆ ಬಂದು ಫೋನು ತೆಗೆದು ಪಟ್ಟಿಯನ್ನು ತಿದ್ದತೊಡಗಿದೆ. 1956ರ ಸಾಲಿಗೆ ‘ಕಾಸರಗೋಡು ಕೇರಳಕ್ಕೆ, ತಾಳವಾಡಿ ಮದರಾಸಿನಲ್ಲೇ, ಕೊಡಗು ರಾಜ್ಯ ಕೊನೆ’ ಎಂದು ಸೇರಿಸಿದೆ. 2014ರ ಸಾಲನ್ನು ಇಂಗ್ಲಿಷಿನಲ್ಲೇ ಬಿಟ್ಟೆ. ವಿದ್ಯಾರ್ಥಿಗೆ ಕಳಿಸಿದ ಐದು ನಿಮಿಷಕ್ಕೆ ಉತ್ತರ ಬಂತು.

“ಸರ್, ಉದ್ದ ಆಯ್ತು. ಮುಂದಿನ ವರ್ಷಕ್ಕೆ ಲಿಸ್ಬನ್ ತೆಗೆದುಬಿಡಲಾ?”

“ಬೇಡ, ಇರಲಿ. ಅಣುಬಾಂಬು ತೆಗಿ” ಎಂದು ಬರೆದೆ.

“ಅದು ಜಲಜನಕ ಬಾಂಬು ಸರ್” ಎಂದು ತಿದ್ದಿದ.